ತೂಗಿದ ಮೀನು ಮರಳಿ ನೀರಿಗೆ

ಸರೋವರದ ದಡದಲ್ಲಿ ಒಂದು ವಿಹಾರಧಾಮ. ಹೊತ್ತು ಮಧ್ಯಾಹ್ನ ಮೂರು ಗಂಟೆ. ಬೆಳಗಿನ ಜಾವದಲ್ಲಿ ಸರದಿಯಂತೆ ಹೊರಟುಹೋದ ದೋಣಿಗಳು ಈಗ ಒಂದೊಂದಾಗಿ ಹಿಂದಿರುಗುತ್ತಿವೆ. ಒಂದೊಂದು ದೋಣಿಯಲ್ಲೂ ಇಬ್ಬರು ಮಹಿಳೆಯರು. ದಡದ ಮೇಲೆ ಬಣ್ಣದ ತೋರಣಗಳು, ಸಂಗೀತ, ತಿಂಡಿತಿನಿಸುಗಳ ಮಳಿಗೆಗಳು. ಸ್ಪರ್ಧಿಗಳ ಗಂಡಂದಿರೂ ಮಕ್ಕಳೂ ಗೆಳತಿಯರೂ ನೆರೆದು ಜಾತ್ರೆಯ ಕಳೆ ಬಂದಿದೆ. ನಡುವೆ ಒಂದು ವೇದಿಕೆ, ಅದರ ಮೇಲೊಂದು ತೂಕದ ಯಂತ್ರ. ಸ್ಪರ್ಧಿಯೊಬ್ಬರು ನೀರು ತುಂಬಿದ ಚೀಲವನ್ನು ಹೊತ್ತು ಮೆಟ್ಟಲೇರುತ್ತಾರೆ. ಚೀಲದಲ್ಲಿ ಐದು ಮೀನು, ಐದೂ ಜೀವಂತ. ತೂಕವನ್ನು ಸಾರಿದೊಡನೆ ಚಪ್ಪಾಳೆ ಮೊಳಗುತ್ತದೆ. ಆಮೇಲೆ ಆ ಮೀನುಗಳು ಅಡುಗೆಮನೆಗೆ ಹೋಗುವುದಿಲ್ಲ. ಮರಳಿ ಸರೋವರವನ್ನೇ ಸೇರುತ್ತವೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮಹಿಳೆಯರಿಗಾಗಿಯೇ ನಡೆಯುವ ಮೀನು ಹಿಡಿಯುವ ಪಂದ್ಯಗಳ ಸಾಮಾನ್ಯ ಚಿತ್ರ ಇದು. ಅಗಲವಾದ ಬಾಯಿಯುಳ್ಳ ‘ಬಾಸ್’ ಎಂಬ ಸಿಹಿನೀರಿನ ಮೀನೇ ಇವುಗಳಲ್ಲಿ ಹೆಚ್ಚಾಗಿ ಗುರಿ. ಬಾಸ್ ಮೀನಿನ ದೊಡ್ಡ ಪಂದ್ಯಗಳ ಪರಂಪರೆಯನ್ನು ರೇ ಸ್ಕಾಟ್ ಎಂಬವರು ೧೯೬೭ರಲ್ಲಿ ಆರ್ಕನ್ಸಾ ಸಂಸ್ಥಾನದ ಬೀವರ್ ಸರೋವರದಲ್ಲಿ ಆರಂಭಿಸಿದರು. ಅದು ಗಂಡಸರ ಪಂದ್ಯವಾಗಿತ್ತು. ೧೯೭೬ರಲ್ಲಿ ಶುಗರ್ ಫೆರಿಸ್ ಎಂಬ ಮಹಿಳೆ ಟೆಕ್ಸಸ್ ಸಂಸ್ಥಾನದಲ್ಲಿ ‘ಬಾಸ್ ಎನ್ ಗ್ಯಾಲ್’ ಎಂಬ ಸಂಘವನ್ನು ಕಟ್ಟಿ ಹೆಂಗಸರಿಗಾಗಿ ಪಂದ್ಯಗಳ ಸರಣಿಯನ್ನೇ ಏರ್ಪಡಿಸಿದರು. ಆ ಸಂಘ ೧೯೯೮ರವರೆಗೆ ನಡೆಯಿತು. ಅದು ತೆರೆದ ದಾರಿಯಲ್ಲಿ ಬೇರೆ ಸಂಘಗಳು ಹುಟ್ಟಿಕೊಂಡವು. ೨೦೦೯ರಲ್ಲಿ ಕಿಮ್ ಬೈನ್-ಮೂರ್ ಅವರು, ಸ್ಕಾಟರು ಸ್ಥಾಪಿಸಿದ ಸಂಸ್ಥೆಯ ವಾರ್ಷಿಕ ಮಹಾಪಂದ್ಯವಾದ ‘ಬಾಸ್‌ಮಾಸ್ಟರ್ ಕ್ಲಾಸಿಕ್’ನಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆಯಾದರು.

ಹಿಡಿದ ಮೀನನ್ನು ಕೊಲ್ಲದೆ ಬಿಡಬೇಕೆಂಬ ಪದ್ಧತಿಯನ್ನು ಸ್ಕಾಟರು ತಮ್ಮ ಪಂದ್ಯಗಳಲ್ಲಿ ೧೯೭೨ರಲ್ಲಿ ಜಾರಿಗೆ ತಂದರು. ಇಂದು ಇಂಥ ಪಂದ್ಯಗಳಲ್ಲಿ ಸತ್ತ ಮೀನನ್ನು ತಂದವರ ಲೆಕ್ಕದಿಂದ ಒಂದಿಷ್ಟು ತೂಕವನ್ನು ಕಳೆಯುವುದು ವಾಡಿಕೆ. ಆದರೆ ವೇದಿಕೆಯ ಮೇಲೆ ಬಾಲ ಬಡಿದ ಮೀನೆಲ್ಲವೂ ಮರುದಿನ ಬದುಕಿರುತ್ತದೆಯೆ? ಇಲ್ಲ, ಕೆಲವು ಸಾಯುತ್ತವೆ. ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುವು ನಾವು ತರಗತಿಯಲ್ಲಿ ಓದುವ ಭೌತವಿಜ್ಞಾನದ ನಿಯಮಗಳೇ. ಗಾಳಕ್ಕೆ ಸಿಕ್ಕಿದ ಕ್ಷಣದಿಂದ ಮರಳಿ ನೀರಿಗೆ ಬೀಳುವವರೆಗೆ ಆ ಮೀನನ್ನು ಹಿಂಬಾಲಿಸಿ, ಈ ನಿಯಮಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ನೋಡೋಣ.

ತೋಳಿನ ಬಲವೋ, ಕೋಲಿನ ಗುಣವೋ?

ದೊಡ್ಡ ಮೀನನ್ನು ಎಳೆಯಲು ದೊಡ್ಡ ತೋಳು ಬೇಕೆಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಮೀನಿನ ಸಾಂದ್ರತೆ ನೀರಿನ ಸಾಂದ್ರತೆಗೆ ಬಹುಮಟ್ಟಿಗೆ ಸಮ. ಆದುದರಿಂದ, ಆರ್ಕಿಮಿಡೀಸನ ತತ್ತ್ವದಂತೆ, ಮೂರು ಕಿಲೋಗ್ರಾಂ ಮೀನು ನೀರಿನೊಳಗಿರುವಷ್ಟು ಹೊತ್ತು ದಾರಕ್ಕೆ ಭಾರವೇ ಆಗುವುದಿಲ್ಲ. ಗಾಳ ಹಾಕಿದವರು ಎದುರಿಸಬೇಕಾದುದು ಅದರ ತೂಕವನ್ನಲ್ಲ, ಅದರ ಸೆಣಸಾಟವನ್ನು.

ಗಾಳದ ಕೋಲು ನಮ್ಮ ಬಲವನ್ನು ಹೆಚ್ಚಿಸುತ್ತದೆಯೆಂಬುದೂ ತಪ್ಪು ತಿಳಿವಳಿಕೆ. ಭಾರವಾದ ಕಲ್ಲನ್ನು ಹಾರೆಯಿಂದ ಮೀಟುವಾಗ ನಮ್ಮ ಕೈ ಆನಿಕೆಯಿಂದ ದೂರದಲ್ಲಿರುತ್ತದೆ, ಕಲ್ಲು ಹತ್ತಿರದಲ್ಲಿರುತ್ತದೆ, ಲಾಭ ನಮ್ಮದು. ಗಾಳದ ಕೋಲಿನಲ್ಲಿ ಇದು ತಿರುಗುಮುರುಗು. ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ, ಅಲ್ಲಿಂದ ೩೦ ಸೆಂಟಿಮೀಟರ್ ಮುಂದೆ ಕೈಯಿಂದ ಹಿಡಿದಿದ್ದೇವೆನ್ನಿ. ತುದಿ ೨೧೦ ಸೆಂಟಿಮೀಟರ್ ದೂರದಲ್ಲಿದೆ. ಮೀನು ಕೋಲಿಗೆ ಲಂಬವಾಗಿ ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ, ನಮ್ಮ ಕೈ ಏಳು ಕಿಲೋಗ್ರಾಂ ತೂಕದಷ್ಟು ಬಲವನ್ನು ಒದಗಿಸಬೇಕು. ಸನ್ನೆಯ ಲಾಭವೆಲ್ಲ ಮೀನಿನ ಪಾಲು! ಕೋಲು ಬಾಗಿದಾಗ ಮಾತ್ರ ಅದರ ತುದಿ ನಮ್ಮ ಕಡೆಗೆ ಬಂದು, ಮೀನಿಗೆ ದೊರೆತ ಲಾಭ ಕಡಮೆಯಾಗುತ್ತದೆ.

ಹಾಗಾದರೆ ಕೋಲೇಕೆ? ಅದು ಒಂದು ಸ್ಪ್ರಿಂಗು. ಕ್ರಿಕೆಟ್ ಆಟಗಾರನು ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನು ನೀವು ನೋಡಿದ್ದೀರಿ. ಚೆಂಡಿನ ಸಂವೇಗ ಅಷ್ಟೇ ಇದ್ದರೂ ಅದನ್ನು ತಡೆಯುವ ಕಾಲ ಹೆಚ್ಚುವುದರಿಂದ ಬಲ ಕಡಮೆಯಾಗುತ್ತದೆ. ಮೀನು ಫಕ್ಕನೆ ಜಗ್ಗಿದಾಗ ಕೋಲು ಬಾಗಿ ಇದೇ ಕೆಲಸವನ್ನು ಮಾಡುತ್ತದೆ. ಇದರ ಜೊತೆಗೆ ದಾರ ಸುತ್ತುವ ರಾಟೆಯೊಳಗೆ ಒಂದನ್ನೊಂದು ಒತ್ತಿಕೊಂಡಿರುವ ಬಿಲ್ಲೆಗಳಿವೆ. ಎಳೆತವು ಒಂದು ಮಿತಿಯನ್ನು ದಾಟಿದೊಡನೆ ಬಿಲ್ಲೆಗಳು ಜಾರಿ ದಾರವನ್ನು ಬಿಟ್ಟುಕೊಡುತ್ತವೆ. ದಾರ ಹರಿಯಲು ಬೇಕಾದ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಈ ಮಿತಿಯನ್ನು ಇಡುವುದು ರೂಢಿ. ಒಂದು ಕಿಲೋಗ್ರಾಂ ತೂಕದಷ್ಟು ಘರ್ಷಣೆಯ ವಿರುದ್ಧ ಮೀನು ೨೦ ಮೀಟರ್ ಓಡಿದರೆ ಸುಮಾರು ೨೦೦ ಜೂಲ್‌ಗಳಷ್ಟು ಕೆಲಸ ಮಾಡುತ್ತದೆ. ಆ ಶಕ್ತಿಯೆಲ್ಲ ಬಿಲ್ಲೆಗಳಲ್ಲಿ ಶಾಖವಾಗಿ ಹೋಗುತ್ತದೆ. ಮೀನನ್ನು ದಣಿಸುವುದು ನಮ್ಮ ತೋಳಲ್ಲ, ಘರ್ಷಣೆ.

ಈ ಆಟದಲ್ಲಿ ಗಂಡು ಹೆಣ್ಣೆಂಬ ಭೇದ ನಿಲ್ಲದಿರುವುದಕ್ಕೆ ಇದೇ ಕಾರಣ. ೧೯೨೨ರ ಅಕ್ಟೋಬರ್ ೭ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ಸುಮಾರು ಎರಡು ಗಂಟೆಗಳ ಕಾಲ ಸೆಣಸಿ ೬೪ ಪೌಂಡ್, ಎಂದರೆ ೨೯ ಕಿಲೋಗ್ರಾಂ ತೂಕದ ಸಾಲ್ಮನ್ ಮೀನನ್ನು ಹಿಡಿದರು. ಬ್ರಿಟನ್ನಿನಲ್ಲಿ ಗಾಳದಿಂದ ಹಿಡಿದ ಸಾಲ್ಮನ್‌ಗಳಲ್ಲಿ ಅದಕ್ಕಿಂತ ದೊಡ್ಡದು ದಾಖಲೆಯಾಗಿಲ್ಲ. ಆದರೆ ಮೀನನ್ನು ಬದುಕಿಸಿ ಬಿಡುವ ಪಂದ್ಯದಲ್ಲಿ ಇಷ್ಟು ದೀರ್ಘವಾದ ಸೆಣಸಾಟ ಒಳ್ಳೆಯದಲ್ಲ. ಹೆಚ್ಚು ಹೊತ್ತು ಹೆಣಗಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಅದು ಚೇತರಿಸಿಕೊಳ್ಳಲು ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆದುದರಿಂದ ಬಲ್ಲವರು ಗಟ್ಟಿಯಾದ ದಾರವನ್ನು ಬಳಸಿ ಬೇಗನೆ ಎಳೆದುಕೊಳ್ಳುತ್ತಾರೆ.

ಹೊಟ್ಟೆಯೊಳಗಿನ ಗಾಳಿಚೀಲ

ಮೀನಿನ ಸಾಂದ್ರತೆ ನೀರಿನದಕ್ಕೆ ಸಮವೆಂದೆವು. ಸ್ನಾಯು, ಮೂಳೆಗಳು ನೀರಿಗಿಂತ ಭಾರವಾಗಿರುವಾಗ ಇದು ಹೇಗೆ ಸಾಧ್ಯ? ಬಾಸ್ ಮೊದಲಾದ ಅನೇಕ ಮೀನುಗಳ ಹೊಟ್ಟೆಯಲ್ಲಿ, ಬೆನ್ನೆಲುಬಿನ ಕೆಳಗೆ, ಅನಿಲ ತುಂಬಿದ ಒಂದು ಚೀಲವಿದೆ. ಸಿಹಿನೀರಿನ ಮೀನುಗಳಲ್ಲಿ ಅದರ ಗಾತ್ರ ದೇಹದ ಗಾತ್ರದಲ್ಲಿ ನೂರಕ್ಕೆ ಸುಮಾರು ೭ ಪಾಲು. ಈ ಚೀಲದಿಂದಾಗಿ ಮೀನು ಮುಳುಗದೆ, ತೇಲದೆ, ಶ್ರಮವಿಲ್ಲದೆ ನೀರಿನ ನಡುವೆ ನಿಲ್ಲುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಂಧ್ರವಿಲ್ಲದ ಪೆನ್ನಿನ ಮುಚ್ಚಳವೊಂದರ ಬಾಯಿಯ ಬಳಿ ಸ್ವಲ್ಪ ತಾಮ್ರದ ತಂತಿಯನ್ನು ಸುತ್ತಿರಿ. ಬಾಯಿ ಕೆಳಗಾಗಿ ನೀರಿನಲ್ಲಿ ಬಿಟ್ಟಾಗ ಅದು ತುದಿಯಷ್ಟೇ ಕಾಣುವಂತೆ ತೇಲಬೇಕು. ಅದನ್ನು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಬಿಟ್ಟು ಬಿರಡೆಯನ್ನು ಬಿಗಿಯಾಗಿ ಹಾಕಿ. ಬಾಟಲಿಯನ್ನು ಹಿಸುಕಿದರೆ ಮುಚ್ಚಳ ಮುಳುಗುತ್ತದೆ. ಕೈ ಸಡಿಲಿಸಿದರೆ ಮೇಲೇಳುತ್ತದೆ. ಒತ್ತಡ ಹೆಚ್ಚಿದಾಗ ಒಳಗಿನ ಗಾಳಿ ಕುಗ್ಗಿ ಸ್ಥಳಾಂತರಿಸುವ ನೀರು ಕಡಮೆಯಾಗುತ್ತದೆ. ಒತ್ತಡ ತಗ್ಗಿದಾಗ ಗಾಳಿ ಹಿಗ್ಗಿ ಮುಚ್ಚಳವನ್ನು ಮೇಲೆತ್ತುತ್ತದೆ.

ಮೀನಿನ ಸ್ಥಿತಿಯೂ ಇದೇ. ಅದು ತುಸು ಮೇಲೆ ಬಂದರೆ ಚೀಲ ಹಿಗ್ಗಿ ಇನ್ನೂ ಮೇಲಕ್ಕೆ ನೂಕುತ್ತದೆ. ತುಸು ಕೆಳಗಿಳಿದರೆ ಚೀಲ ಕುಗ್ಗಿ ಇನ್ನೂ ಕೆಳಕ್ಕೆಳೆಯುತ್ತದೆ. ಈ ಅಸ್ಥಿರತೆಯನ್ನು ಮೀನು ತಕ್ಷಣಕ್ಕೆ ರೆಕ್ಕೆಗಳನ್ನು ಆಡಿಸಿ ಸರಿದೂಗಿಸುತ್ತದೆ. ಬಹಳ ಹೊತ್ತು ಹೊಸ ಆಳದಲ್ಲಿರಬೇಕಾದರೆ ಚೀಲದ ಅನಿಲವನ್ನೇ ಹೆಚ್ಚುಕಡಮೆ ಮಾಡಿಕೊಳ್ಳುತ್ತದೆ. ಇಲ್ಲಿ ಮೀನುಗಳಲ್ಲಿ ಎರಡು ಪಂಗಡ. ನಮ್ಮ ಕೆರೆಗಳ ಗೆಂಡೆ, ಕಾಟ್ಲ, ರೋಹು ಮೀನುಗಳಲ್ಲಿ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆಯಿದೆ. ಹೆಚ್ಚಾದ ಅನಿಲ ತೇಗಿನಂತೆ ಬಾಯಿಯ ಮೂಲಕ ಹೊರಬೀಳಬಲ್ಲುದು. ಬಾಸ್ ಮೀನಿಗೆ ಈ ಕೊಳವೆಯಿಲ್ಲ. ಅದರ ಚೀಲ ಮುಚ್ಚಿದ ಚೀಲ. ಅನಿಲ ರಕ್ತದ ಮೂಲಕವೇ ಬಂದುಹೋಗಬೇಕು. ಅದಕ್ಕೆ ಗಂಟೆಗಳೇ ಹಿಡಿಯುತ್ತವೆ. ಈ ಒಂದು ಕೊಳವೆಯ ಅಭಾವ ಎಷ್ಟು ದೊಡ್ಡ ಮಾತೆಂಬುದು ಮುಂದೆ ತಿಳಿಯುತ್ತದೆ.

ಮೀನನ್ನು ತೋರಿಸಿಕೊಡುವ ಪ್ರತಿಧ್ವನಿ

ಪಂದ್ಯದ ದೋಣಿಗಳಲ್ಲಿ ಮೀನನ್ನು ಪತ್ತೆಮಾಡುವ ಉಪಕರಣವಿರುತ್ತದೆ. ಅದು ಕಿವಿಗೆ ಕೇಳದಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ನೀರಿನೊಳಕ್ಕೆ ಕಳುಹಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧೪೮೦ ಮೀಟರ್. ಧ್ವನಿ ಹೋಗಿ ಬರಲು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಹಿಡಿದರೆ, ಅದು ಸಾಗಿದ ದಾರಿ ೨೯.೬ ಮೀಟರ್, ಮೀನಿರುವ ದೂರ ಅದರಲ್ಲಿ ಅರ್ಧ, ೧೪.೮ ಮೀಟರ್.

ಆದರೆ ಧ್ವನಿಯನ್ನು ಹಿಂದಿರುಗಿಸುವುದು ಮೀನಿನ ಯಾವ ಭಾಗ? ಅದರ ಮಾಂಸದ ಸಾಂದ್ರತೆ, ಅದರಲ್ಲಿ ಧ್ವನಿಯ ವೇಗ, ಎರಡೂ ನೀರಿನವುಗಳಿಗೆ ಸಮೀಪವಾಗಿರುವುದರಿಂದ ಧ್ವನಿ ಅದನ್ನು ಹಾದುಹೋಗುತ್ತದೆ. ನೀರಿಗೂ ಅನಿಲಕ್ಕೂ ಈ ಗುಣಗಳಲ್ಲಿ ಅಪಾರ ವ್ಯತ್ಯಾಸ. ಆದುದರಿಂದ ಪ್ರತಿಧ್ವನಿಯ ಬಹುಪಾಲು ಗಾಳಿಚೀಲದಿಂದಲೇ ಬರುತ್ತದೆ. ಪರದೆಯ ಮೇಲೆ ಕಾಣುವುದು ಮೀನಿನ ಚಿತ್ರವಲ್ಲ, ಅದರ ಹೊಟ್ಟೆಯೊಳಗಿನ ಅನಿಲದ ಗುರುತು. ಅದು ಕಮಾನಿನಂತೆ ಕಾಣುವುದೂ ಸಹಜ. ದೋಣಿ ಸಮೀಪಿಸುವಾಗ ಮೀನು ಓರೆಯಲ್ಲಿ ದೂರವಿರುತ್ತದೆ, ನೇರ ಮೇಲೆ ಬಂದಾಗ ದೂರ ಅತ್ಯಂತ ಕಡಮೆ, ದಾಟಿಹೋದಾಗ ಮತ್ತೆ ಹೆಚ್ಚು. ಹೀಗೆ ಮೀನನ್ನು ಹಗುರಮಾಡುವ ಚೀಲವೇ ಅದರ ಸುಳಿವನ್ನೂ ಕೊಡುತ್ತದೆ.

ಹಿಗ್ಗುವ ಅನಿಲ

ಇನ್ನು ಗಾಳಿಚೀಲದ ಮೂರನೆಯ ಮುಖ. ನೀರಿನ ಮೇಲ್ಮೈಯಲ್ಲಿ ಒತ್ತಡ ಒಂದು ವಾಯುಮಂಡಲದಷ್ಟು. ಪ್ರತಿ ೧೦ ಮೀಟರ್ ಆಳಕ್ಕೆ ಸುಮಾರು ಇನ್ನೊಂದು ವಾಯುಮಂಡಲದಷ್ಟು ಸೇರುತ್ತದೆ. ಆದುದರಿಂದ ೧೦ ಮೀಟರ್ ಆಳದಲ್ಲಿ ಒತ್ತಡ ಎರಡು, ೨೦ ಮೀಟರಿನಲ್ಲಿ ಮೂರು. ಬಾಯಿಲನ ನಿಯಮದಂತೆ ಉಷ್ಣತೆ ಬದಲಾಗದಿದ್ದರೆ ಅನಿಲದ ಗಾತ್ರ ಒತ್ತಡಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಮೀನನ್ನು ೨೦ ಮೀಟರಿನಿಂದ ೧೦ ಮೀಟರಿಗೆ ಎಳೆದರೆ ಅನಿಲ ಒಂದೂವರೆ ಪಟ್ಟು ಹಿಗ್ಗುತ್ತದೆ. ಅಷ್ಟೇ ದೂರ, ೧೦ ಮೀಟರಿನಿಂದ ಮೇಲ್ಮೈಗೆ ಎಳೆದರೆ ಎರಡು ಪಟ್ಟಾಗುತ್ತದೆ. ಮೇಲ್ಮೈಗೆ ಸಮೀಪಿಸಿದಷ್ಟೂ ಹಿಗ್ಗುವಿಕೆ ತೀವ್ರ.

ಎರಡು ಲೀಟರ್ ಗಾತ್ರದ, ಎಂದರೆ ಸುಮಾರು ಎರಡು ಕಿಲೋಗ್ರಾಂ ತೂಕದ ಬಾಸ್ ಮೀನೊಂದು ೧೦ ಮೀಟರ್ ಆಳದಲ್ಲಿ ಹೊಂದಿಕೊಂಡು ನಿಂತಿದೆಯೆನ್ನೋಣ. ಅದರ ಚೀಲದ ಗಾತ್ರ ಸುಮಾರು ೧೪೦ ಮಿಲಿಲೀಟರ್. ಕೆಲವೇ ನಿಮಿಷಗಳಲ್ಲಿ ಅದು ಮೇಲೆ ಬಂದಿತು. ಚೀಲ ತಡೆಯಿಲ್ಲದೆ ಹಿಗ್ಗುವುದಾದರೆ ೨೮೦ ಮಿಲಿಲೀಟರ್ ಆಗುತ್ತದೆ. ಹೊರಹೋಗಲು ಕೊಳವೆಯಿಲ್ಲ. ಒಳಗಿನ ಅಂಗಗಳೆಲ್ಲ ಒತ್ತಡಕ್ಕೆ ಸಿಕ್ಕುತ್ತವೆ, ಕೆಲವೊಮ್ಮೆ ಕಣ್ಣುಗಳು ಉಬ್ಬುತ್ತವೆ. ಹೆಚ್ಚಾದ ೧೪೦ ಮಿಲಿಲೀಟರ್ ಮೀನನ್ನು ೧೪೦ ಗ್ರಾಂ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ನೀರಿಗೆ ಬಿಟ್ಟರೂ ಮೀನು ಕೆಳಗಿಳಿಯಲಾರದೆ ಪಕ್ಕಕ್ಕೆ ವಾಲಿ ತೇಲುತ್ತದೆ. ಬಿಸಿಲಿನಲ್ಲಿ ಬಳಲಿ ಸಾಯುತ್ತದೆ, ಇಲ್ಲವೆ ಹಕ್ಕಿಯ ಬಾಯಿಗೆ ಬೀಳುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಟೊಳ್ಳು ಸೂಜಿಯನ್ನು ಸರಿಯಾದ ಸ್ಥಳದಲ್ಲಿ ಚುಚ್ಚಿ ಹೆಚ್ಚಾದ ಅನಿಲವನ್ನು ಹೊರಬಿಡುವುದು ಒಂದು. ಇದಕ್ಕೆ ಪಳಗಿದ ಕೈ ಬೇಕು. ಸೂಜಿ ತಪ್ಪಿದರೆ ಬೇರೆ ಅಂಗಕ್ಕೆ ಗಾಯವಾಗುತ್ತದೆ. ಮೀನಿಗೆ ಭಾರ ಕಟ್ಟಿ ಮತ್ತೆ ಆಳಕ್ಕೆ ಇಳಿಸಿ ಅಲ್ಲಿ ಬಿಡುವುದು ಇನ್ನೊಂದು. ಬಾಯಿಲನ ನಿಯಮ ಕೆಡಿಸಿದುದನ್ನು ಬಾಯಿಲನ ನಿಯಮವೇ ಸರಿಪಡಿಸುತ್ತದೆ.

ಸರೋವರದ ಪದರಗಳು

ಬೇಸಗೆಯಲ್ಲಿ ಈ ಗಂಡಾಂತರ ಕಡಮೆ, ಅದಕ್ಕೂ ಕಾರಣವಿದೆ. ಟೆಕ್ಸಸಿನ ದೊಡ್ಡ ಸರೋವರಗಳಲ್ಲಿ ಬಹುಪಾಲು, ನಮ್ಮ ಕೃಷ್ಣರಾಜಸಾಗರದಂತೆ, ನದಿಗೆ ಅಣೆಕಟ್ಟು ಕಟ್ಟಿದುದರಿಂದ ಆದವು. ನೀರಿನ ಸಾಂದ್ರತೆ ೪ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕ. ಅಲ್ಲಿಂದ ಮೇಲೆ ಉಷ್ಣತೆ ಏರಿದಷ್ಟೂ ಸಾಂದ್ರತೆ ಇಳಿಯುತ್ತದೆ. ಇಳಿಯುವ ವೇಗವೂ ಹೆಚ್ಚುತ್ತ ಹೋಗುತ್ತದೆ. ೪ರಿಂದ ೫ ಡಿಗ್ರಿಗೆ ಕಾಯಿಸಿದಾಗ ಆಗುವ ಬದಲಾವಣೆಗಿಂತ ೨೯ರಿಂದ ೩೦ ಡಿಗ್ರಿಗೆ ಕಾಯಿಸಿದಾಗ ಆಗುವುದು ಮೂವತ್ತು ಪಟ್ಟಿಗೂ ಹೆಚ್ಚು. ಆದುದರಿಂದ ಬೇಸಗೆಯಲ್ಲಿ ಬಿಸಿಯಾದ ಹಗುರ ನೀರು ಮೇಲೆ, ತಣ್ಣನೆಯ ಭಾರ ನೀರು ಕೆಳಗೆ ನಿಂತುಬಿಡುತ್ತವೆ. ಗಾಳಿ ಬೀಸಿದರೂ ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಕೆಳಗಿನ ಪದರಕ್ಕೆ ಗಾಳಿಯ ಸಂಪರ್ಕ ತಪ್ಪುತ್ತದೆ. ತಳದಲ್ಲಿ ಕೊಳೆಯುವ ಎಲೆ ಕಸಗಳು ಅಲ್ಲಿದ್ದ ಆಮ್ಲಜನಕವನ್ನು ತಿಂದುಹಾಕುತ್ತವೆ. ಹೀಗಾದ ಸರೋವರಗಳಲ್ಲಿ ಬೇಸಗೆಯ ಕೊನೆಗೆ ಮೀನು ಆಳದಲ್ಲಿ ಇರಲಾರದು. ಚಳಿ ಬಂದು ನೀರು ಬೆರೆತ ಮೇಲೆ ಅದು ಆಳಕ್ಕಿಳಿಯುತ್ತದೆ. ಆಗ ಹಿಗ್ಗುವ ಅನಿಲದ ಅಪಾಯ ಹೆಚ್ಚು. ಬೇಸಗೆಯ ಅಪಾಯ ಬೇರೆಯದು.

ತೊಟ್ಟಿಯೊಳಗಿನ ಉಸಿರು

ಹಿಡಿದ ಮೀನನ್ನು ತೂಗುವ ಹೊತ್ತಿನವರೆಗೆ ದೋಣಿಯಲ್ಲಿರುವ ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಮೆ. ಲೀಟರ್ ಒಂದಕ್ಕೆ ೧೦ ಡಿಗ್ರಿಯಲ್ಲಿ ೧೧.೩ ಮಿಲಿಗ್ರಾಂ, ೨೦ ಡಿಗ್ರಿಯಲ್ಲಿ ೯.೧, ೩೦ ಡಿಗ್ರಿಯಲ್ಲಿ ಸುಮಾರು ೭.೫. ಮೀನು ಶೀತರಕ್ತದ ಪ್ರಾಣಿ. ಉಷ್ಣತೆ ೧೦ ಡಿಗ್ರಿ ಏರಿದರೆ ಅದಕ್ಕೆ ಬೇಕಾದ ಆಮ್ಲಜನಕ ಸುಮಾರು ಇಮ್ಮಡಿಯಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ.

ಒಂದು ಲೆಕ್ಕ ಮಾಡೋಣ. ೧೦೦ ಲೀಟರಿನ ತೊಟ್ಟಿ, ನೀರು ೩೦ ಡಿಗ್ರಿ. ಅದರಲ್ಲಿರುವ ಆಮ್ಲಜನಕ ೭೫೦ ಮಿಲಿಗ್ರಾಂ. ಐದು ಮೀನುಗಳ ಒಟ್ಟು ತೂಕ ೮ ಕಿಲೋಗ್ರಾಂ. ಪ್ರತಿ ಕಿಲೋಗ್ರಾಂ ಮೀನು ಗಂಟೆಗೆ ೨೦೦ ಮಿಲಿಗ್ರಾಂ ಬಳಸುತ್ತದೆಂದು ಇಟ್ಟುಕೊಂಡರೆ ಒಟ್ಟು ೧೬೦೦ ಮಿಲಿಗ್ರಾಂ ಬೇಕು. ಪಂಪು ನಿಂತರೆ ಅರ್ಧ ಗಂಟೆಯೊಳಗೆ ತೊಟ್ಟಿ ಬರಿದು. ಮೀನು ಅದಕ್ಕೂ ಬಹಳ ಮೊದಲೇ ಕಂಗೆಡುತ್ತದೆ. ಆದುದರಿಂದ ಪಂಪು ದಿನವಿಡೀ ಓಡುತ್ತಿರಬೇಕು.

ನೀರನ್ನು ತುಸು ತಂಪುಮಾಡಿದರೆ ಎರಡು ಕಡೆಯಿಂದಲೂ ಲಾಭ. ೧೦೦ ಲೀಟರ್ ನೀರನ್ನು ೩೦ರಿಂದ ೨೭ ಡಿಗ್ರಿಗೆ ಇಳಿಸಲು ೩೦೦ ಕಿಲೋಕ್ಯಾಲರಿ ಶಾಖವನ್ನು ತೆಗೆಯಬೇಕು. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು ೮೦, ಕರಗಿದ ನೀರು ೨೭ ಡಿಗ್ರಿಗೆ ಏರಲು ೨೭, ಒಟ್ಟು ೧೦೭ ಕಿಲೋಕ್ಯಾಲರಿ ಹೀರುತ್ತದೆ. ಆದುದರಿಂದ ಮೂರು ಕಿಲೋಗ್ರಾಂಗಿಂತ ಸ್ವಲ್ಪ ಕಡಮೆ ಮಂಜುಗಡ್ಡೆ ಸಾಕು. ನಲ್ಲಿಯ ನೀರಿನ ಕ್ಲೋರಿನ್ ಮೀನಿಗೆ ವಿಷವಾದುದರಿಂದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಬಾಟಲಿಯ ಸಮೇತ ತೊಟ್ಟಿಗೆ ಹಾಕುವುದು ಜಾಣತನ. ಅತಿಯಾಗಿ, ಒಮ್ಮೆಲೇ ತಂಪುಮಾಡುವುದೂ ಮೀನಿಗೆ ಆಘಾತವೇ.

ಕೊನೆಯ ಕಂಟಕ ವೇದಿಕೆಯ ಮೇಲಿದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೮೦ ಮಿಲಿಗ್ರಾಂ ಆಮ್ಲಜನಕವಿದೆ. ಬೇಸಗೆಯ ನೀರಿನಲ್ಲಿರುವುದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಆದರೂ ಗಾಳಿಯಲ್ಲಿ ಮೀನು ಉಸಿರುಕಟ್ಟಿ ಸಾಯುವುದೇಕೆ? ಕಿವಿರಿನ ನವುರಾದ ಎಳೆಗಳು ನೀರಿನಲ್ಲಿ ತೇಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹೊರಗೆ ತೆಗೆದೊಡನೆ ಆಸರೆ ತಪ್ಪಿ, ಮೇಲ್ಮೈ ಎಳೆತದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒದ್ದೆಯಾದ ಕುಂಚದ ಕೂದಲುಗಳಂತೆ. ಆಮ್ಲಜನಕವನ್ನು ಹೀರುವ ಮೈಯೇ ಮುಚ್ಚಿಹೋಗುತ್ತದೆ. ಭಾವಚಿತ್ರಕ್ಕಾಗಿ ಮೀನನ್ನು ಎತ್ತಿ ಹಿಡಿದುಕೊಂಡು ನಗುವ ಒಂದೊಂದು ನಿಮಿಷವೂ ದಣಿದ ಮೀನಿಗೆ ಉಸಿರಿಲ್ಲದ ನಿಮಿಷ.

ತಕ್ಕಡಿಯ ಮುಳ್ಳು ವಿಜೇತರನ್ನು ಕೆಲವು ಕ್ಷಣಗಳಲ್ಲಿ ಹೇಳಿಬಿಡುತ್ತದೆ. ಮೀನು ಗೆದ್ದಿತೇ ಎಂಬುದು ತಿಳಿಯಲು ದಿನಗಳು ಬೇಕು. ಪಂದ್ಯದ ಮೀನುಗಳನ್ನು ಕೆಲವು ದಿನ ಬಲೆಯ ಆವರಣದಲ್ಲಿಟ್ಟು ಎಣಿಸಿ ನೋಡಿದ ಸಂಶೋಧಕರು, ನೀರು ಬಿಸಿಯಾದಷ್ಟೂ ಸಾವು ಹೆಚ್ಚುವುದನ್ನು ಕಂಡುಕೊಂಡಿದ್ದಾರೆ. ಬಿಟ್ಟ ಮಾತ್ರಕ್ಕೆ ಬದುಕಿಸಿದಂತಾಗಲಿಲ್ಲ. ಗಟ್ಟಿಯಾದ ದಾರ, ಓಡುವ ಪಂಪು, ಮಂಜುಗಡ್ಡೆಯ ಬಾಟಲಿ, ಗಾಳಿಯಲ್ಲಿ ಕಳೆಯುವ ಕಾಲದ ಉಳಿತಾಯ: ದಯೆ ಕೈಗೂಡುವುದು ಇವುಗಳ ಮೂಲಕ. ಮುಂದಿನ ಸಲ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕುಳಿತವರನ್ನು ಕಂಡಾಗ ವಿದ್ಯಾರ್ಥಿಗಳು ಒಂದು ಗಳಿಗೆ ನಿಂತು ನೋಡಲಿ. ಆರ್ಕಿಮಿಡೀಸನೂ ಬಾಯಿಲನೂ ಪುಸ್ತಕದ ಪುಟಗಳಿಂದ ಎದ್ದುಬಂದು, ಆ ದಾರದ ತುದಿಯಲ್ಲಿ ಕೆಲಸ ಮಾಡುತ್ತಿರುವುದು ಅವರಿಗೆ ಕಂಡೀತು.